ಫೆರೆಟ್‌ಗೆ ಮೊದಲು ಹಸಿ ಮಾಂಸ, ಆಮೇಲೆ ಜೊತೆಗಾರ: ಬೆಂಗಳೂರಿನ ಮನೆಗಳಿಗೊಂದು ಮಾರ್ಗದರ್ಶಿ

ನೋಡಲು ಮುಂಗುಸಿಯಂತಿರುವ, ಉದ್ದ ಮೈಯ ಪುಟ್ಟ ಸಾಕುಪ್ರಾಣಿ ಫೆರೆಟ್. ಬೆಂಗಳೂರಿನಲ್ಲಿ ಅದನ್ನು ಸಾಕುವವರು ಇನ್ನೂ ಕಡಿಮೆ. ಸಾಕಿದವರಿಗೆ ಮಾತ್ರ ಎರಡು ಪ್ರಶ್ನೆ ಯಾವತ್ತಾದರೂ ಬಂದೇ ಬರುತ್ತವೆ. ಡ್ರೈ ಫುಡ್ ಬಿಡಿಸಿ ಹಸಿ ಮಾಂಸ ಕೊಡಬಹುದಾ? ಪಾಪ ಒಂಟಿಯಾಗಿದೆ, ಇನ್ನೊಂದು ತರೋಣವಾ? ಎರಡೂ ಒಳ್ಳೆಯ ಯೋಚನೆಗಳೇ. ಆದರೆ ಎರಡನ್ನೂ ಒಟ್ಟಿಗೆ ಮಾಡಬೇಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕಾರಣ ಲಿಟರ್ ಟ್ರೇಯಲ್ಲಿದೆ, ಅಂದರೆ ಫೆರೆಟ್ ಮಲ ಹಾಕುವ ತಟ್ಟೆಯಲ್ಲಿ. ಊಟ ಬದಲಾದಾಗ ಫೆರೆಟ್‌ನ ಹೊಟ್ಟೆ ಕೆಡಬಹುದು. ಹೊಸ ಫೆರೆಟ್ ಮನೆಗೆ ಬಂದಾಗಲೂ ಅದು ತಂದ ಸೋಂಕಿನಿಂದ ಹೊಟ್ಟೆ ಕೆಡಬಹುದು. ಟ್ರೇಯಲ್ಲಿ ಕಾಣುವುದು ಎರಡೂ ಸಲ ಒಂದೇ: ಹಸಿರು, ಲೋಳೆ ಲೋಳೆಯಾದ ಭೇದಿ. ಎರಡು ಬದಲಾವಣೆಯನ್ನೂ ಒಂದೇ ವಾರದಲ್ಲಿ ಮಾಡಿದ್ದರೆ ಯಾವುದರಿಂದ ಹೀಗಾಯಿತು ಎಂದು ನಿಮಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ. ಮೊದಲು ಊಟ ಬದಲಿಸಿ. ಅದು ಒಗ್ಗಿ, ಮಲ ಸರಿಯಾಗಿ, ತೂಕ ನಿಂತ ಮೇಲೆ ಜೊತೆಗಾರನ ಮಾತು.

ಶುರು ಮಾಡುವ ಮುಂಚೆ

ಫೆರೆಟ್ ಪೂರ್ತಿ ಮಾಂಸಾಹಾರಿ. ಅದರ ಕರುಳು ಗಿಡ್ಡ. ತಿಂದದ್ದು ಮೂರ್ನಾಲ್ಕು ಗಂಟೆಯಲ್ಲಿ ಹೊರಗೆ ಬರುತ್ತದೆ. ಅನ್ನ, ರಾಗಿ, ತರಕಾರಿ, ಹಣ್ಣು, ಹಾಲು ಯಾವುದನ್ನೂ ಅದು ಸರಿಯಾಗಿ ಜೀರ್ಣಿಸಿಕೊಳ್ಳಲಾರದು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಪ್ರೀತಿಯಿಂದ ಒಂದು ತುತ್ತು ಮೊಸರನ್ನ ಇಡುತ್ತಾರೆ ನೋಡಿ, ಅದನ್ನು ಮೊದಲು ನಿಲ್ಲಿಸಬೇಕು. ಮನೆ ಸಸ್ಯಾಹಾರಿಯಾಗಿದ್ದರೆ ಹಸಿ ಮಾಂಸ ಎಲ್ಲಿಡುತ್ತೀರಿ, ಯಾವ ಪಾತ್ರೆ ಬಳಸುತ್ತೀರಿ ಎಂದು ಎಲ್ಲರೂ ಕೂತು ಮಾತಾಡಿಕೊಳ್ಳಿ. ಚಿಕ್ಕದೊಂದು ಬೇರೆ ಫ್ರಿಜ್ ಇಟ್ಟುಕೊಂಡರೆ ಮನೆಯಲ್ಲಿ ನೆಮ್ಮದಿ ಇರುತ್ತದೆ.

ಹಸಿ ಮಾಂಸವೇ ಆಗಬೇಕು ಎಂಬ ಕಡ್ಡಾಯವಿಲ್ಲ. ನಮ್ಮಲ್ಲಿ ಫೆರೆಟ್‌ಗೆಂದೇ ಮಾಡಿದ ಆಹಾರ ಸುಲಭಕ್ಕೆ ಸಿಗದೆ ಬೆಕ್ಕಿನ ಮರಿಗಳ ಡ್ರೈ ಫುಡ್ ಹಾಕುವವರೇ ಜಾಸ್ತಿ. ಮಾಂಸವೇ ಮುಖ್ಯವಾಗಿರುವ ಒಳ್ಳೆಯ ಬ್ರ್ಯಾಂಡ್ ಆದರೆ ಅದರಲ್ಲೂ ಫೆರೆಟ್ ಚೆನ್ನಾಗಿ ಬದುಕುತ್ತದೆ. ಹಸಿ ಮಾಂಸವನ್ನು ಒಪ್ಪದ ಪಶುವೈದ್ಯರು ಬಹಳ ಜನ ಇದ್ದಾರೆ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಪ್ರಾಣಿಗೂ ಮನೆಯವರಿಗೂ ತಗಲಬಹುದು ಎಂಬುದು ಅವರ ಆತಂಕ. ಅದು ಸುಳ್ಳಲ್ಲ. ಫ್ರೀಜರ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ನಿದ್ದೆಗೆ ಜಾರುತ್ತದೆ. ಮನೆಯಲ್ಲಿ ಎಳೆಮಗು, ಗರ್ಭಿಣಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಡ್ರೈ ಫುಡ್‌ನಲ್ಲೇ ಮುಂದುವರಿಯಿರಿ ಎಂದು ನಾನು ಹೇಳುತ್ತೇನೆ.

ಹಸಿ ಮಾಂಸ ಎಂದು ನಿರ್ಧರಿಸಿದಿರಾ? ಹಾಗಾದರೆ ಮೊದಲು ಒಂದು ತಪಾಸಣೆ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ ಸಾಲದು. ‘ನಿಮ್ಮಲ್ಲಿ ಫೆರೆಟ್ ನೋಡ್ತೀರಾ?’ ಎಂದು ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಎಲ್ಲೂ ಗೊತ್ತಾಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮೂರು ವರ್ಷ ದಾಟಿದ ಫೆರೆಟ್ ಆದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಇನ್ಸುಲಿನೋಮ ಎಂಬ ಮೇದೋಜೀರಕ ಗ್ರಂಥಿಯ ಗೆಡ್ಡೆ ಫೆರೆಟ್‌ಗಳಲ್ಲಿ ತುಂಬಾ ಸಾಮಾನ್ಯ. ಅದಿದ್ದರೆ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಂಥ ಪ್ರಾಣಿಯ ಊಟವನ್ನು ಡಾಕ್ಟರ್ ಜೊತೆ ಸೇರಿಯೇ ಬದಲಿಸಬೇಕು.

ಗ್ರಾಂ ತೋರಿಸುವ ಒಂದು ಡಿಜಿಟಲ್ ತಕ್ಕಡಿ ತಂದಿಟ್ಟುಕೊಳ್ಳಿ. ಬದಲಾವಣೆಯ ಸಮಯದಲ್ಲಿ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ತೂಕ ಬರೆದಿಡಿ. ಒಂದು ಕೆಜಿಯ ಫೆರೆಟ್ ನೂರು ಗ್ರಾಂ ಇಳಿದರೆ ಕಣ್ಣಿಗೆ ಕಾಣಲ್ಲ, ಆದರೆ ಅದು ಮೈತೂಕದ ಹತ್ತನೇ ಒಂದು ಭಾಗ.

ಏನು ತರಬೇಕು, ಎಷ್ಟು ತರಬೇಕು

ಹಸಿ ಊಟ ಎಂದರೆ ಬೋನ್‌ಲೆಸ್ ಚಿಕನ್ ಅಲ್ಲ. ಬರೀ ಬೋನ್‌ಲೆಸ್ ತಿಂದರೆ ಕ್ಯಾಲ್ಸಿಯಂ ಸಿಗದೆ ಮೂಳೆ ಸವೆಯುತ್ತದೆ. ಇಲಿಯನ್ನೋ ಹಕ್ಕಿಯನ್ನೋ ಇಡಿಯಾಗಿ ತಿಂದಾಗ ಏನೆಲ್ಲ ಸಿಗುತ್ತದೋ ಅದೇ ಬಟ್ಟಲಲ್ಲೂ ಇರಬೇಕು. ಸಾಕುವವರು ಬಳಸುವ ಲೆಕ್ಕ ಹೀಗಿದೆ: ನೂರರಲ್ಲಿ 80 ಪಾಲು ಮಾಂಸ, 10 ಪಾಲು ಮೂಳೆ, 5 ಪಾಲು ಲಿವರ್, 5 ಪಾಲು ಕಿಡ್ನಿಯಂಥ ಬೇರೆ ಒಳಾಂಗ. ಗುಂಡಿಗೆ ಮತ್ತು ಗಿಜರ್ಡ್ (ಕೋಳಿಯ ಹೊಟ್ಟೆಯ ಗಟ್ಟಿ ಭಾಗ) ಮಾಂಸದ ಲೆಕ್ಕಕ್ಕೇ ಸೇರುತ್ತವೆ. ಗುಂಡಿಗೆಯನ್ನು ಬಿಡಲೇಬೇಡಿ, ಟಾರಿನ್ ಎಂಬ ಪೋಷಕಾಂಶ ಅದರಲ್ಲಿ ಹೇರಳವಾಗಿದೆ. ಲಿವರ್ ಅಗ್ಗ, ಫೆರೆಟ್‌ಗೂ ಇಷ್ಟ ಎಂದು ಜಾಸ್ತಿ ಹಾಕಬಾರದು. ವಿಟಮಿನ್ ಎ ಮೈಯಲ್ಲಿ ತುಂಬಿಕೊಂಡು ವಿಷವಾಗುತ್ತದೆ.

ದೊಡ್ಡ ಫೆರೆಟ್ ದಿನಕ್ಕೆ ತನ್ನ ತೂಕದ 5ರಿಂದ 10 ಶೇಕಡಾ ತಿನ್ನುತ್ತದೆ. ಒಂದು ಕೆಜಿಯ ಪ್ರಾಣಿಗೆ 70 ಗ್ರಾಂ ಎಂದು ಹಿಡಿದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕೆಜಿ. ಅಂಗಡಿಗೆ ಹೋಗುವಾಗ ಈ ಚೀಟಿ ಸಾಕು: ಕೋಳಿ ರೆಕ್ಕೆ 110 ಗ್ರಾಂ, ಚಿಕನ್ ಅಥವಾ ಮಟನ್ ಬೋನ್‌ಲೆಸ್ 240, ಗುಂಡಿಗೆ 100, ಲಿವರ್ 25, ಮಟನ್ ಕಿಡ್ನಿ 25. ರೆಕ್ಕೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೂಳೆಯೇ ಇರುವುದರಿಂದ 10 ಪಾಲು ಮೂಳೆ ಅದರಲ್ಲೇ ಬಂತು.

ಅಂಗಡಿಯವರಿಗೆ ಮೊದಲೇ ಹೇಳಿ: ‘ಅಣ್ಣಾ, ರೆಕ್ಕೆ ಕೊಚ್ಚಬೇಡಿ, ಹಾಗೇ ಕೊಡಿ. ಸ್ಕಿನ್ ಇರಲಿ.’ ಮಚ್ಚಿನಲ್ಲಿ ಕೊಚ್ಚಿದ ಮೂಳೆಗೆ ಚೂಪು ಅಂಚು ಬರುತ್ತದೆ. ಇಡೀ ರೆಕ್ಕೆಯನ್ನು ಫೆರೆಟ್ ತನ್ನ ಹಲ್ಲಿನಿಂದಲೇ ಅಗಿದು ಪುಡಿ ಮಾಡಿಕೊಳ್ಳುತ್ತದೆ. ಬೆಂದ ಮೂಳೆ ಮಾತ್ರ ಯಾವತ್ತೂ ಬೇಡ. ಬೆಂದಾಗ ಅದು ಗಡುಸಾಗಿ ಚೂರಾಗುತ್ತದೆ, ಕರುಳನ್ನು ಸೀಳಬಹುದು. ಭಾನುವಾರ ಮಧ್ಯಾಹ್ನದ ರಶ್‌ನಲ್ಲಿ ಹೋಗಬೇಡಿ. ವಾರದ ದಿನ ಬೆಳಿಗ್ಗೆ ಹೋದರೆ ಆಗ ತಾನೇ ಕೊಯ್ದದ್ದು ಸಿಗುತ್ತದೆ, ಗುಂಡಿಗೆ, ಗಿಜರ್ಡ್ ಬೇರೆ ಬೇರೆ ಮಾಡಿ ಕೊಡುವ ಪುರುಸೊತ್ತೂ ಅವರಿಗಿರುತ್ತದೆ. ಕೋಳಿಯೊಂದೇ ಸಾಲದು. ಕುರಿ, ಮೇಕೆ, ಕ್ವೇಲ್ ಎಂಬ ಪುಟ್ಟ ಹಕ್ಕಿ ಹೀಗೆ ಬದಲಿಸುತ್ತಿರಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಒಂದು ಸುತ್ತು ಹಾಕಿದರೆ ಹೆಚ್ಚಿನದು ಸಿಕ್ಕಿಬಿಡುತ್ತದೆ. ಕ್ವೇಲ್ ಅಂತೂ ಫೆರೆಟ್‌ಗೆ ಹೇಳಿ ಮಾಡಿಸಿದ ಗಾತ್ರ. ಹಸಿ ಹಂದಿ ಮಾಂಸ ಬೇಡ. ಹಸಿ ಮೀನನ್ನು ದಿನಾ ಕೊಟ್ಟರೆ ಬಿ1 ವಿಟಮಿನ್ ಕೊರತೆಯಾಗಬಹುದು. ಮೊಟ್ಟೆ ಕೊಡುವುದಾದರೆ ವಾರಕ್ಕೊಮ್ಮೆ, ಹಳದಿ ಭಾಗ ಮಾತ್ರ.

ಇಲ್ಲಿ ಹಕ್ಕಿಜ್ವರದ ಮಾತು ಹೇಳಲೇಬೇಕು. ಫ್ಲೂ ವೈರಸ್‌ಗಳು ಫೆರೆಟ್‌ಗೆ ಎಷ್ಟು ಸುಲಭವಾಗಿ ತಗಲುತ್ತವೆ ಎಂದರೆ, ಮನುಷ್ಯರ ಫ್ಲೂ ಬಗ್ಗೆ ಸಂಶೋಧನೆ ಮಾಡುವವರು ಬಳಸುವುದೇ ಫೆರೆಟ್‌ಗಳನ್ನು. 2012ರಲ್ಲಿ ಹೆಸರಘಟ್ಟದ ಕೋಳಿ ಕೇಂದ್ರದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಎರಡೂ ನಮಗೆ ದೂರವಲ್ಲ. ಅಂಥ ಸುದ್ದಿ ಬಂದ ದಿನವೇ ಹಸಿ ಕೋಳಿ, ಕ್ವೇಲ್ ಎರಡನ್ನೂ ನಿಲ್ಲಿಸಿ ಕುರಿ ಮೇಕೆಗೆ ಬನ್ನಿ. ಫ್ರೀಜರ್‌ನ ಚಳಿಗೆ ಈ ವೈರಸ್ ಸಾಯಲ್ಲ. ಇನ್ನೊಂದು ವಿಷಯ: ನಿಮಗೆ ಶೀತ ಜ್ವರ ಬಂದಿದ್ದರೆ ಬೇರೆಯವರು ಊಟ ಹಾಕಲಿ, ಇಲ್ಲವೇ ಮಾಸ್ಕ್ ಹಾಕಿಕೊಳ್ಳಿ. ನಿಮ್ಮ ಫ್ಲೂ ಅದಕ್ಕೂ ಬರುತ್ತದೆ.

ಊಟ ಬದಲಿಸುವ ಬಗೆ

ಫೆರೆಟ್ ತನ್ನ ಮೊದಲ ಕೆಲವು ತಿಂಗಳಲ್ಲಿ ಯಾವ ವಾಸನೆಯ ಊಟ ತಿಂದಿತೋ ಅದನ್ನು ಮಾತ್ರ ಊಟ ಎಂದು ನಂಬುತ್ತದೆ. ಡ್ರೈ ಫುಡ್‌ನಲ್ಲೇ ಬೆಳೆದ ದೊಡ್ಡ ಫೆರೆಟ್ ಮುಂದೆ ತಾಜಾ ಮಾಂಸ ಇಟ್ಟರೆ ಮೂಸಿ ನೋಡಿ ಹೋಗಿಬಿಡುತ್ತದೆ. ಅದು ಹಠವಲ್ಲ. ಅದಕ್ಕೆ ಅದು ಊಟ ಎಂದೇ ಗೊತ್ತಿಲ್ಲ, ಅಷ್ಟೆ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂದು ಉಪವಾಸ ಕೆಡವುವುದು ಫೆರೆಟ್ ವಿಷಯದಲ್ಲಿ ತೀರಾ ಅಪಾಯ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೂ ಅದು ಸೊರಗುತ್ತದೆ. ಹಳೆಯ ಡ್ರೈ ಫುಡ್ ಕೊನೆಯವರೆಗೂ ಗೂಡಿನಲ್ಲಿ ಇರಲೇಬೇಕು.

ಶುರುವಿನಲ್ಲಿ ಡ್ರೈ ಫುಡ್ಡನ್ನೇ ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಮಾಡಿ. ಬೆರಳ ತುದಿಯಲ್ಲಿ ತೆಗೆದು ತುಟಿಗೆ ಸವರಿ. ನೆಕ್ಕಿ ನೋಡಿತಾ? ಎರಡು ಮೂರು ದಿನ ಅಷ್ಟೇ ಸಾಕು. ಮೆತ್ತಗಿನ ಊಟ ಎಂಬುದೊಂದು ಇದೆ ಎಂದು ಅದಕ್ಕೆ ತಿಳಿಯಲಿ.

ಆಮೇಲೆ ಆ ಗಂಜಿಗೆ ನುಣ್ಣಗೆ ಅರೆದ ಚಿಕನ್ ಕೈಮಾ ಒಂದು ಟೀ ಚಮಚ ಬೆರೆಸಿ. ಫ್ರಿಜ್‌ನಿಂದ ತೆಗೆದು ತಣ್ಣಗೆ ಕೊಡಬೇಡಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿ ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಬೆಂದುಬಿಡುತ್ತದೆ. ಈ ಹಂತದಲ್ಲಿ ಒಂದೇ ಬಗೆಯ ಮಾಂಸ ಇರಲಿ. ಮೂರ್ನಾಲ್ಕು ದಿನಕ್ಕೊಮ್ಮೆ ಮಾಂಸ ಸ್ವಲ್ಪ ಜಾಸ್ತಿ, ಡ್ರೈ ಫುಡ್ ಸ್ವಲ್ಪ ಕಡಿಮೆ. ಮಲ ಕೆಟ್ಟರೆ ಹಿಂದಿನ ಹಂತಕ್ಕೆ ಹೋಗಿ ಅಲ್ಲೇ ನಿಲ್ಲಿ.

ಎಲ್ಲ ಪ್ರಾಣಿಗೂ ಈ ಉಪಾಯ ನಡೆಯಲ್ಲ. ಗಂಜಿಯನ್ನು ಮುಟ್ಟದಿದ್ದರೆ ಡ್ರೈ ಫುಡ್ ಪುಡಿ ಮಾಡಿ ಮಾಂಸದ ಚಿಕ್ಕ ಚೂರಿಗೆ ಅದನ್ನು ಹೊರಳಿಸಿ ಕೊಡಿ. ಅಥವಾ ಮಾಂಸದ ಚೂರನ್ನೂ ಒಣ ಡ್ರೈ ಫುಡ್ಡನ್ನೂ ಡಬ್ಬಿಯಲ್ಲಿ ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ವಾಸನೆ ಒಂದಕ್ಕೊಂದು ಹಿಡಿಯುತ್ತದೆ. ಕೆಲವು ಫೆರೆಟ್ ಹತ್ತು ದಿನದಲ್ಲಿ ಒಪ್ಪಿಕೊಳ್ಳುತ್ತವೆ, ಕೆಲವಕ್ಕೆ ಮೂರು ತಿಂಗಳೂ ಬೇಕು.

ಕೈಮಾ ಚೆನ್ನಾಗಿ ತಿನ್ನಲು ಶುರುವಾದ ಮೇಲೆ ಚಿಕ್ಕ ಚೂರು, ಆಮೇಲೆ ದೊಡ್ಡ ಚೂರು, ಗುಂಡಿಗೆ, ಕೊನೆಗೆ ರೆಕ್ಕೆಯ ತುದಿ. ಅಗಿಯುವ ಅಭ್ಯಾಸವಿಲ್ಲದ ದವಡೆಗೆ ಮೂಳೆ ಕಷ್ಟ. ಮೊದಲ ಕೆಲವು ಸಲ ಪಕ್ಕದಲ್ಲೇ ಕೂತು ನೋಡಿ. ಮೂಳೆ ಶುರುವಾಗುವ ತನಕ ಕ್ಯಾಲ್ಸಿಯಂಗೆ ಮೊಟ್ಟೆಯ ಚಿಪ್ಪನ್ನು ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಹಾಕಬಹುದು. ಒಂದು ಕೆಜಿ ಬೋನ್‌ಲೆಸ್ ಮಾಂಸಕ್ಕೆ ಒಂದು ಟೀ ಚಮಚ, ಇದು ರೂಢಿಯ ಅಳತೆ. ಲಿವರ್, ಕಿಡ್ನಿ ಎಲ್ಲಕ್ಕಿಂತ ಕೊನೆಗೆ, ಚೂರೇ ಚೂರು.

ಟ್ರೇ ನೋಡಿ ಊಟ ತಿದ್ದಿಕೊಳ್ಳುವುದನ್ನು ಕಲಿಯಿರಿ. ಹಸಿ ಮಾಂಸಕ್ಕೆ ಒಗ್ಗಿದ ಫೆರೆಟ್‌ನ ಮಲ ಚಿಕ್ಕದು, ಗಟ್ಟಿ, ವಾಸನೆಯೂ ಕಡಿಮೆ. ಬಿಳಿಚಿಕೊಂಡು ಸೀಮೆಸುಣ್ಣದಂತೆ ಪುಡಿಯಾದರೆ ಮೂಳೆ ಜಾಸ್ತಿ. ಕಪ್ಪಗೆ ಮೆತ್ತಗಿದ್ದರೆ ಲಿವರ್ ಜಾಸ್ತಿ, ಮೂಳೆ ಕಡಿಮೆ. ಆದರೆ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹಸಿರು ಲೋಳೆ ಒಂದು ದಿನ ದಾಟಿದರೂ ಅಷ್ಟೆ. ಹಿಂಗಾಲು ಎಳೆಯುತ್ತಾ, ಜೊಲ್ಲು ಸುರಿಸುತ್ತಾ, ಕಣ್ಣು ಎಲ್ಲೋ ನೆಟ್ಟು ಕೂತರೆ ಸಕ್ಕರೆ ಕುಸಿದಿದೆ ಎಂದು ಅರ್ಥ. ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ಆಸ್ಪತ್ರೆಗೆ ಓಡಿ.

ಶುಚಿ

ಒಂದು ಹೊತ್ತಿನ ಊಟಕ್ಕೊಂದರಂತೆ ಚಿಕ್ಕ ಡಬ್ಬಿಗಳಲ್ಲಿ ಫ್ರೀಜ್ ಮಾಡಿ. ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ ಕರಗಿಸಿ, ಕಟ್ಟೆಯ ಮೇಲೆ ಕರಗಿಸಬೇಡಿ. ಕರೆಂಟ್ ತುಂಬಾ ಹೊತ್ತು ಹೋಗಿ ಪೂರ್ತಿ ಕರಗಿ ಬೆಚ್ಚಗಾದ ಮಾಂಸ ಕಸಕ್ಕೇ ಹೋಗಲಿ. ಮಾಂಸದ ಬಟ್ಟಲನ್ನು ಎರಡು ಗಂಟೆಯಲ್ಲಿ, ಬೇಸಿಗೆಯಾದರೆ ಒಂದೇ ಗಂಟೆಯಲ್ಲಿ ಎತ್ತಿಬಿಡಿ.

ಬಟ್ಟಲು ಎತ್ತಿದರೆ ಮುಗಿಯಲಿಲ್ಲ, ಫೆರೆಟ್ ಊಟ ಬಚ್ಚಿಡುತ್ತದೆ. ಸೋಫಾ ಅಡಿ, ಬೀರು ಹಿಂದೆ, ಹಾಸಿಗೆಯ ಸಂದಿ. ಡ್ರೈ ಫುಡ್ ಬಚ್ಚಿಟ್ಟರೆ ನಡೆಯುತ್ತಿತ್ತು, ಮಾಂಸ ಕೊಳೆಯುತ್ತದೆ. ಒರೆಸಲು ಸುಲಭವಾದ ಒಂದೇ ಜಾಗದಲ್ಲಿ, ಗೂಡಿನ ಬಾಗಿಲು ಹಾಕಿ ಊಟ ಕೊಡಿ. ಮುಗಿದ ಮೇಲೆ ಬಟ್ಟೆಗಳನ್ನೆಲ್ಲ ಕೊಡವಿ ನೋಡಿ. ಉಳಿದ ಚೂರುಗಳನ್ನು ಪೇಪರ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲೇ ಇಟ್ಟು, ಕಸದ ಗಾಡಿ ಬಂದಾಗ ಹಸಿ ಕಸಕ್ಕೆ ಹಾಕಿದರೆ ಮನೆಯೂ ನಾರಲ್ಲ, ಬೀದಿನಾಯಿಗಳೂ ಚೀಲ ಹರಿಯಲ್ಲ.

ಜೊತೆಗಾರ ಬೇಕಾ?

ಫೆರೆಟ್ ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುತ್ತದೆ. ಎದ್ದಿರುವ ಸ್ವಲ್ಪ ಹೊತ್ತಿನಲ್ಲಿ ಆಡಲು ಯಾರಾದರೂ ಬೇಕು. ನೀವು ಸಂಜೆ ಎರಡು ಮೂರು ಗಂಟೆ ಅದರ ಜೊತೆ ನೆಲದ ಮೇಲೆ ಕೂರುವವರಾದರೆ ಒಂಟಿ ಫೆರೆಟ್ ಖುಷಿಯಾಗಿಯೇ ಇರುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ಟ್ರಾಫಿಕ್ ದಾಟಿ ಬರುವವರ ಮನೆಯಲ್ಲಿ ಎರಡಿದ್ದರೆ ಒಳ್ಳೆಯದು. ಐದಾರು ವರ್ಷ ಒಂಟಿಯಾಗಿ ಬಾಳಿದ ಮುದಿ ಫೆರೆಟ್‌ಗೆ ಮರಿ ತಂದು ಹೊರಿಸುವುದು ನನಗೆ ಸರಿ ಕಾಣಲ್ಲ. ಇವೆರಡು ಎಂದೂ ಹೊಂದಿಕೊಳ್ಳದೆ ಹೋದರೆ ಜೀವನಪೂರ್ತಿ ಬೇರೆ ಬೇರೆ ಇಡಲು ನಿಮ್ಮ ಮನೆಯಲ್ಲಿ ಜಾಗ ಇದೆಯಾ? ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಹುಡುಕಲು ಹೊರಡಿ.

ಅಂಗಡಿಯಿಂದ ತರುವುದಾದರೆ 2018ರ ಪೆಟ್ ಶಾಪ್ ನಿಯಮದಂತೆ ನೋಂದಣಿ ಆಗಿದೆಯಾ ನೋಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಇನ್ನೊಂದಕ್ಕೂ ಬೇಕು. ನೋಡಿದವರೆಲ್ಲ ‘ಇದು ಮುಂಗುಸಿ ಅಲ್ವಾ?’ ಎಂದು ಕೇಳುತ್ತಾರೆ. ಮುಂಗುಸಿ ಸಾಕುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಯಾರಾದರೂ ದೂರು ಕೊಟ್ಟರೆ ತೋರಿಸಲು ಕಾಗದ ಇರಲಿ.

ಗಂಡು ಹೆಣ್ಣಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಣ್ಣು ಫೆರೆಟ್ ಬೆದೆಗೆ ಬಂದರೆ ಕೂಡುವ ತನಕ ಬೆದೆ ಇಳಿಯುವುದಿಲ್ಲ. ವಾರಗಟ್ಟಲೆ ಹಾಗೇ ಇದ್ದರೆ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಏರಿ ಎಲುಬಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಬಹುದು, ಪ್ರಾಣಿ ಸಾಯಬಹುದು. ಸಂತಾನ ತಡೆಯುವ ಆಪರೇಷನ್ ಆಗದ ಗಂಡುಗಳು ಬೆದೆಯ ಕಾಲದಲ್ಲಿ ಕಚ್ಚಾಡುತ್ತವೆ. ಆಪರೇಷನ್ನೋ ಚರ್ಮದ ಕೆಳಗೆ ಇಡುವ ಹಾರ್ಮೋನ್ ಇಂಪ್ಲಾಂಟೋ ಎಂದು ಜೊತೆ ಮಾಡುವ ಮುಂಚೆಯೇ ಡಾಕ್ಟರ್ ಜೊತೆ ತೀರ್ಮಾನಿಸಿ.

ಬೇರೆ ಕೋಣೆಯಲ್ಲಿ ಮೂರು ವಾರ

ಹೊಸದನ್ನು ನೇರವಾಗಿ ಹಳೆಯದರ ಮುಂದೆ ಬಿಡಬೇಡಿ. ಎರಡು ಕಾಯಿಲೆಗಳ ಭಯ ನನಗಿದೆ. ಒಂದು ಡಿಸ್ಟೆಂಪರ್, ನಾಯಿಗಳಿಗೂ ಬರುವ ವೈರಸ್ ಕಾಯಿಲೆ. ಬೀದಿನಾಯಿಗಳಿಂದ, ನಮ್ಮ ಚಪ್ಪಲಿಯಿಂದಲೂ ಬರಬಹುದು. ಫೆರೆಟ್‌ಗೆ ಬಂದರೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ನಾಯಿಗೆ ಹಾಕುವ ಯಾವುದೋ ಲಸಿಕೆಯನ್ನು ಇದಕ್ಕೂ ಹಾಕಿಸಿಬಿಡಬಾರದು, ಕೆಲವು ಲಸಿಕೆಗಳಿಂದಲೇ ಫೆರೆಟ್‌ಗೆ ರೋಗ ಬರುತ್ತದೆ. ಫೆರೆಟ್ ಬಲ್ಲ ಡಾಕ್ಟರೇ ಆರಿಸಲಿ. ಇನ್ನೊಂದು, 1993ರಲ್ಲಿ ಅಮೆರಿಕದಲ್ಲಿ ಮೊದಲು ಕಾಣಿಸಿದ ಹಸಿರು ಭೇದಿ. ಫೆರೆಟ್‌ಗಳದ್ದೇ ಆದ ಒಂದು ಕೊರೊನಾ ವೈರಸ್‌ನಿಂದ ಬರುತ್ತದೆ, ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ. ಮರಿ ಆರೋಗ್ಯವಾಗಿಯೇ ಕಾಣುತ್ತದೆ, ಎರಡು ಮೂರು ದಿನದಲ್ಲಿ ಮನೆಯ ಹಳೆಯ ಫೆರೆಟ್ ಮಲಗಿಬಿಡುತ್ತದೆ.

ಹಾಗಾಗಿ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಟ್ರೇ. ಕಡಿಮೆ ಎಂದರೂ ಮೂರು ವಾರ. ಹಳೆಯದಕ್ಕೆ ಮೊದಲು ಊಟ, ಆಮೇಲೆ ಹೊಸದಕ್ಕೆ. ಕೈ ತೊಳೆದು ಮೇಲಂಗಿ ಬದಲಿಸಿ. ಬಾಗಿಲ ಸಂದಿಗೆ ಟವೆಲ್ ತುರುಕಿ. ಕಿವಿಯಲ್ಲಿ ಕಪ್ಪು ಗುಗ್ಗೆ ತುಂಬಿದ್ದರೆ ಕಿವಿಹುಳದ ಔಷಧ ಹಾಕಿಸಿ. ಈ ಮೂರು ವಾರ ಹೊಸದಕ್ಕೆ ಅದು ಹಿಂದೆ ತಿನ್ನುತ್ತಿದ್ದ ಊಟವೇ ನಡೆಯಲಿ, ಹಸಿ ಮಾಂಸದ ಆತುರ ಬೇಡ. ಮಾರ್ಚ್‌ನಿಂದ ಮೇವರೆಗೆ ಈ ಕೆಲಸಕ್ಕೇ ಕೈ ಹಾಕಬೇಡಿ. ಬೆಂಗಳೂರಿನಲ್ಲೂ ಈಗ 35 ಡಿಗ್ರಿ ದಾಟುತ್ತದೆ. 30 ಡಿಗ್ರಿ ದಾಟಿದರೇ ಫೆರೆಟ್‌ಗೆ ಬಿಸಿಲಾಘಾತದ ಭಯ. ಎರಡು ಕೋಣೆಗೂ ಎಸಿ ಎಲ್ಲರ ಮನೆಯಲ್ಲೂ ಇರಲ್ಲ.

ಪರಿಚಯ

ಮೂರು ವಾರ ಇಬ್ಬರೂ ಆರೋಗ್ಯವಾಗಿ ಕಳೆದರೆ ಹಾಸುವ ಬಟ್ಟೆಗಳನ್ನು ಅದಲು ಬದಲು ಮಾಡಿ. ಇದರ ವಾಸನೆ ಅದಕ್ಕೆ, ಅದರ ವಾಸನೆ ಇದಕ್ಕೆ. ಕೆಲವು ದಿನ ಆದ ಮೇಲೆ ಕೋಣೆಗಳನ್ನೇ ಬದಲಿಸಿ.

ಮೊದಲ ಭೇಟಿಯ ಹಿಂದಿನ ದಿನ ಇಬ್ಬರ ಉಗುರು ಕತ್ತರಿಸಿ. ಹೊಟ್ಟೆ ತುಂಬಾ ಊಟ ಕೊಟ್ಟು, ಬೇರೆ ಬೇರೆಯಾಗಿ ಆಡಿಸಿ ಸುಸ್ತು ಮಾಡಿ. ಭೇಟಿ ಹಳೆಯ ಫೆರೆಟ್ ತನ್ನದೆಂದು ಭಾವಿಸದ ಜಾಗದಲ್ಲಿ ಆಗಲಿ. ಸ್ನೇಹಿತರ ಮನೆಯ ಖಾಲಿ ಕೋಣೆಯಾದರೂ ಆದೀತು. ಇಬ್ಬರ ಕುತ್ತಿಗೆಗೂ ಒಂದು ಹನಿ ಮೀನೆಣ್ಣೆ ಸವರಿದರೆ ಕಚ್ಚುವ ಬದಲು ನೆಕ್ಕುತ್ತವೆ. ಮೊದಲ ಸಲ ಹತ್ತು ಹದಿನೈದು ನಿಮಿಷ ಸಾಕು. ತೀರಾ ಚಿಕ್ಕ ಮರಿಯಾದರೆ ಮೂರು ತಿಂಗಳು ತುಂಬುವ ತನಕ ದೊಡ್ಡದರ ಜೊತೆ ಬಿಡಬೇಡಿ.

ಫೆರೆಟ್‌ಗಳ ಆಟ ಒರಟು. ಕುತ್ತಿಗೆ ಹಿಡಿದು ದರದರ ಎಳೆದಾಡುವುದು, ಉರುಳಾಡುವುದು, ಬೆನ್ನು ಬಿಲ್ಲಿನಂತೆ ಬಾಗಿಸಿ ಅಡ್ಡಡ್ಡ ಕುಣಿಯುವುದು ಎಲ್ಲ ಸಹಜ. ಕ್ಲುಕ್ ಕ್ಲುಕ್ ಎಂಬ ಸದ್ದು ಬಂದರೆ ಖುಷಿಯಲ್ಲಿದೆ. ಬಾಲದ ಕೂದಲು ನಿಮಿರಿದರೆ ಉದ್ವೇಗ, ಅಷ್ಟಕ್ಕೇ ಬಿಡಿಸಬೇಕಿಲ್ಲ. ನಿಲ್ಲದ ಕಿರುಚಾಟ, ಹೆದರಿ ಅಲ್ಲೇ ಮಲ ಹಾಕುವುದು, ಮೂಲೆ ಸೇರಿದರೂ ಬಿಡದೆ ಕಚ್ಚುವುದು, ರಕ್ತ: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಬೇರೆ ಮಾಡಿ. ಕೈ ನಡುವೆ ಹಾಕಬೇಡಿ, ದಪ್ಪ ಟವೆಲ್ ಎಸೆದು ಎತ್ತಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ.

ಒಂದೇ ಜೋಲಿಯಲ್ಲಿ ಒಟ್ಟಿಗೆ ಮಲಗಿದ ದಿನ ಗೆದ್ದಿರಿ ಎಂದುಕೊಳ್ಳಬಹುದು. ಅಲ್ಲಿಯ ತನಕ ರಾತ್ರಿ ಮತ್ತು ನೀವು ಮನೆಯಲ್ಲಿಲ್ಲದಾಗ ಬೇರೆ ಬೇರೆ ಇಡಿ. ಇದಕ್ಕೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಮಾಂಸದ ಊಟ ಮಾತ್ರ ಆಮೇಲೂ ಬೇರೆ ಬೇರೆಯೇ. ಆಟದಲ್ಲಿ ಹೊಂದಿಕೊಂಡವೂ ಒಂದು ರೆಕ್ಕೆಗಾಗಿ ಕಚ್ಚಾಡಬಹುದು. ಒಂದು ಗೂಡಿನ ಒಳಗೆ, ಇನ್ನೊಂದು ಹೊರಗೆ ತಿನ್ನಲಿ. ಹೊಸದು ಮರಿಯಾಗಿದ್ದರೆ ಜಾಲರಿಯ ಆಚೆಯಿಂದ ದೊಡ್ಡದು ತಿನ್ನುವುದನ್ನು ನೋಡಿ ತಾನೂ ಬಾಯಿ ಹಾಕಲು ಬರುತ್ತದೆ. ಆಗ ಕೈಮಾದ ಒಂದು ಚಮಚದಿಂದ ಶುರು ಮಾಡಿ. ಅದರ ಪಾಲಿಗೆ ಎಲ್ಲ ಹಂತಗಳೂ ಮೊದಲಿನಿಂದ, ಆದರೆ ದೊಡ್ಡದಕ್ಕೆ ಹಿಡಿದಷ್ಟು ದಿನ ಇದಕ್ಕೆ ಹಿಡಿಯುವುದಿಲ್ಲ. ತೂಕದ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಪುಟ ತೆರೆಯಿರಿ.